ಐವತ್ತು ಹೆಲ್ಮೆಟ್ಟುಗಳಲ್ಲಿ ಒಂದು

"ಇನ್ನು ಒಂದೇ ವಾರ! ಅಷ್ಟರಲ್ಲಿ ಲೋಕದ ಬಾಯಲ್ಲೆಲ್ಲ ನನ್ನ ಮಾತೇ ಇರಬೇಕು. ಇಲ್ಲದಿದ್ರೆ ನಾನು ಕ್ರಿಸಾಂತೋನೇ ಅಲ್ಲ!"

ಭಾನುವಾರ ಬೆಳಗಿನ ಕಾಫಿ ಹೀರುತ್ತ ಸಾಂತೋ ಹೀಗೆ ಶಪಥ ಮಾಡಿದಾಗ ಕೇಳುವುದಕ್ಕಿದ್ದವರು ಅವನ ಅತ್ತೆ ಪಾಸಿಂಗ್ ಒಬ್ಬರೇ. ಅವರು ಒಣಮೀನು ಹುರಿಯುತ್ತಿದ್ದರು.

"ಶಪಥ ಆಮೇಲೆ ಮಾಡುವಿಯಂತೆ. ಮೊದ್ಲು ಕಿಟಕಿ ತೆಗಿ, ಹೊಗೆ," ಅಂದರು.

ಸಾಂತೋ ಮಲಾಬೋನಿನಲ್ಲಿ ಮೂರು ಚಕ್ರದ ಗಾಡಿ ಓಡಿಸುವವನು. ಸಮುದ್ರ ಉಬ್ಬಿದಾಗಲೆಲ್ಲ ಬೀದಿಗೆ ನೀರು ಬರುವ ಊರು ಅದು. ಅದಕ್ಕೇ 'ಉಬ್ಬರ ೨೦೯೧' ಚಿತ್ರದವರು ಅಲ್ಲಿಗೆ ಬಂದಿದ್ದರು. ಜಗತ್ತೆಲ್ಲ ಮುಳುಗಿ, ಅಳಿದುಳಿದವರನ್ನು ಕಪ್ಪು ಹೆಲ್ಮೆಟ್ಟಿನ ಪಡೆಯೊಂದು ಗೋಳು ಹೊಯ್ದುಕೊಳ್ಳುವ ಕಥೆ. ಮುಳುಗಿದ ನಗರದ ಸೆಟ್ಟು ಕಟ್ಟುವ ತಾಪತ್ರಯವೇ ಇಲ್ಲ; ಹುಣ್ಣಿಮೆಯ ತನಕ ಕಾದರೆ ಸಾಕು! ಪಡೆಗೆ ಐವತ್ತು ಜನ ಬೇಕೆಂದು ಕೂಗಿದ್ದೇ ತಡ, ಸಾಂತೋ ಗಾಡಿಯಲ್ಲಿದ್ದ ಗಿರಾಕಿಯನ್ನೂ ಮರೆತು ಓಡಿದ್ದ.

ನಲವತ್ತೊಂಬತ್ತು ಜನಕ್ಕೆ ನಡೆಯುವುದು, ಬೀಳುವುದು, ಸಾಯುವುದು, ಇಷ್ಟೇ ಕೆಲಸ. ಸಾಂತೋಗೆ ಮಾತ್ರ ಅಭಿನಯ! ದಳಪತಿ ಬಂದು "ಬಂಡುಕೋರರು ಯಾವ ಕಡೆ ಹೋದರು?" ಎಂದು ಗರ್ಜಿಸಬೇಕು, ಸಾಂತೋ ಮಾತಾಡದೆ ದಿಕ್ಕು ತೋರಿಸಬೇಕು. ದಳಪತಿ ಗರ್ಜಿಸಿದ. ಸಾಂತೋನ ಎರಡೂ ಕೈಯಲ್ಲಿ ಬಂದೂಕು. ಮಾಡುವುದೇನು? ಹುಟ್ಟಿದಾಗಿನಿಂದ ಮಾಡಿದ್ದನ್ನೇ ಮಾಡಿದ. ಎಡಭುಜ ಎತ್ತಿ, ತುಟಿ ಚಾಚಿ, ಎಡಗಡೆಗೆ ತೋರಿಸಿದ. ಆ ಊರಿನಲ್ಲಿ ಇದಕ್ಕೆಲ್ಲ ಬೆರಳು ಯಾರು ಎತ್ತುತ್ತಾರೆ? ಚರ್ಚು ಎಲ್ಲಿ ಎಂದರೂ ತುಟಿ, ಉಪ್ಪು ಎಲ್ಲಿ ಎಂದರೂ ತುಟಿ, ಪಕ್ಕದ ಮನೆಯವಳ ಹೊಸ ಚಪ್ಪಲಿ ನೋಡು ಎನ್ನುವುದಕ್ಕೂ ತುಟಿಯೇ. ಸಾಂತೋನ ತುಟಿಯೇನೋ ಭವ್ಯವಾಗಿಯೇ ಚಾಚಿತು. ಆದರೆ ಅದರ ಮುಂದೆ ಕಪ್ಪು ಗಾಜಿನ ಹೆಲ್ಮೆಟ್ಟು! ಅಷ್ಟರಲ್ಲಿ ನೀರು ಸೊಂಟಕ್ಕೆ ಬಂದಿತ್ತು. ನಿರ್ದೇಶಕರು "ಸಾಕು, ಇದೇ ಇರಲಿ!" ಎಂದು ದೋಣಿ ಹತ್ತಿಬಿಟ್ಟರು.

ಹೆಲ್ಮೆಟ್ಟಿನ ಈ ಸಂಗತಿ ಹೆಂಡತಿ ಸೆಂಡಾಗೆ ಗೊತ್ತಿಲ್ಲ. ಅವಳು ಹಾಂಕಾಂಗಿನಲ್ಲಿ ಯಾರದೋ ಮನೆಯ ಮಕ್ಕಳನ್ನು ನೋಡಿಕೊಂಡಿದ್ದಾಳೆ. ಹೋಗಿ ಮೂರು ವರ್ಷವಾಯಿತು, ಭಾನುವಾರ ಮಾತ್ರ ರಜೆ. ಒಂದು ದಿನ ಫೋನಿನಲ್ಲಿ, "ಈ ಪುಟ್ಟ ಪರದೇಲಿ ನೀನು ಗೋಡಂಬಿಯಷ್ಟು ಕಾಣ್ತೀಯ. ಅದೂ ಬರೀ ಹಣೆ! ಪೂರ್ತಿ ಮುಖ ಹೇಗಿತ್ತು ಅಂತ ಮರೀತಾ ಇದೀನಿ ಕಣೋ ಸಾಂತೋ," ಎಂದು ಅತ್ತುಬಿಟ್ಟಿದ್ದಳು. ಮೂರು ವರ್ಷದಿಂದ ಹಾಸಿಗೆಯಲ್ಲಿ ಅವಳು ಮಲಗುತ್ತಿದ್ದ ಬದಿಗೆ ಸಾಂತೋ ಹೊರಳಿ ಕೂಡ ಮಲಗಿದವನಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: "ಅಳಬೇಡ ಸೆಂಡಾ! ಸಿನಿಮಾ ಬರಲಿ, ಗೋಡೆಯಷ್ಟು ದೊಡ್ಡದಾಗಿ ಕಾಣಿಸ್ತೀನಿ!" ಹೆಲ್ಮೆಟ್ಟಿನ ವಿಷಯ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕೂತುಬಿಟ್ಟಿತು.

ಈಗ ಚಿತ್ರ ಹಾಂಕಾಂಗಿಗೂ ಹೋಗಿತ್ತು. ಮುಂದಿನ ಭಾನುವಾರ ನೋಡುತ್ತೇನೆ ಎಂದಿದ್ದಳು ಸೆಂಡಾ. ಅಷ್ಟರೊಳಗೆ ಪ್ರೇಕ್ಷಕರ ಅಭಿಪ್ರಾಯದ ಪುಟದ ತುಂಬ ತನ್ನ ಹೊಗಳಿಕೆ ತುಂಬಿಸಿಬಿಟ್ಟರೆ ಮುಖ ಕಾಣದ ಕೊರತೆ ಅರ್ಧವಾದರೂ ನೀಗೀತು! ಶಪಥದ ಒಳಗುಟ್ಟು ಇದು.

ಸಾಂತೋ ಫೋನು ತೆಗೆದು ಅತ್ತೆಗೆ ಓದಿ ಹೇಳತೊಡಗಿದ.

"'ಪ್ರವಾಹದ ದೃಶ್ಯಗಳು ತೀರಾ ಕೃತಕ. ಇಂಥ ಗಲೀಜು ಬೀದಿ ಎಲ್ಲೂ ಇರಲು ಸಾಧ್ಯವಿಲ್ಲ.'"

"ನಮ್ಮ ಮನೆ ಬಾಗಿಲು ಕೃತಕವಂತೆ!" ಅತ್ತೆ ಸೌಟು ಎತ್ತಿದರು. "ಯಾವನವನು? ಬರಹೇಳು, ಕೆಸರು ಬಳಿಯೋಕೆ ಬಕೆಟ್ ಕೊಡ್ತೀನಿ!"

"ಇರಿ ಅತ್ತೆ, ನನ್ನ ವಿಷಯ ಬಂತು! 'ದಿಕ್ಕು ಕೇಳಿದಾಗ ಆ ಕಾವಲುಗಾರನ ಹೆಲ್ಮೆಟ್ಟು ಮುಂದಕ್ಕೆ ಜರುಗಿ ಅಲ್ಲಾಡಿದ್ದೇಕೆ? ಅವನಿಗೆ ಸೀನು ಬಂದಿರಬೇಕು.' ಇನ್ನೊಬ್ಬ ಅದಕ್ಕೆ, 'ಮೂರ್ಖ, ಅದು ಸೀನಲ್ಲ! ಪ್ರಭುತ್ವದ ಕುರುಡುತನದ ಸಂಕೇತ' ಅಂತಾನೆ!"

"ಹಾಗಂದ್ರೆ ಏನು?"

"ನಂಗೂ ಗೊತ್ತಿಲ್ಲ. ಆದರೆ ಒಳ್ಳೇದೇ ಇರಬೇಕು."

ಸಾಂತೋ ಕೂಡಲೇ 'ಸಿನಿಮಾ ಪಂಡಿತ' ಎಂಬ ಹೆಸರಿನಲ್ಲಿ ಅವತಾರವೆತ್ತಿದ. ಐದು ನಕ್ಷತ್ರ ಒತ್ತಿ, 'ಆ ಒಬ್ಬ ಕಾವಲುಗಾರನೇ ಚಿತ್ರದ ಜೀವಾಳ! ಹೆಲ್ಮೆಟ್ಟಿನಲ್ಲೇ ನವರಸ!' ಎಂದು ಬರೆದ. ಅದು ಸಾಲದೆಂದು ಅತ್ತೆಯ ಹೆಸರಿನಲ್ಲೂ ಇನ್ನೊಂದು ಐದು ನಕ್ಷತ್ರ. ಮಧ್ಯಾಹ್ನದ ಹೊತ್ತಿಗೆ ಆ ಮನೆಯಿಂದ ಒಂಬತ್ತು ಜನ ಪ್ರೇಕ್ಷಕರು ಹುಟ್ಟಿದ್ದರು!

ಆಗ ಬಂತು ಒಂದು ಕಲ್ಲು. 'ಭಾನುವಾರದವಳು' ಎಂಬಾಕೆ ಒಂದೇ ನಕ್ಷತ್ರ ಕೊಟ್ಟು, 'ಎರಡು ಗಂಟೆ ರೆಪ್ಪೆ ಮಿಟುಕಿಸದೆ ಕೂತೆ. ನೋಡಬೇಕಾದ್ದು ಕಾಣಲೇ ಇಲ್ಲ. ಮೋಸ!' ಎಂದು ಬರೆದಿದ್ದಳು.

ಪಂಡಿತನ ಪಿತ್ತ ನೆತ್ತಿಗೇರಿತು. 'ನಿಮಗೆ ಕಲೆ ಅಂದರೆ ಗೊತ್ತೇನ್ರೀ? ಮನೆಯಲ್ಲಿ ಗಂಡನ ಜೊತೆ ಜಗಳ ಆಡಿಕೊಂಡು ಇಲ್ಲಿಗೆ ಬಂದಿರಾ?'

'ಜಗಳ ಆಡೋಕೆ ಗಂಡ ಹತ್ತಿರ ಇದ್ದರೆ ತಾನೆ?'

'ಓಹೋ! ತಪ್ಪಿಸಿಕೊಂಡನೋ! ಪುಣ್ಯವಂತ!'

ನಲವತ್ತು ಜನ ನಗುಮುಖದ ಚಿತ್ರ ಒತ್ತಿ ನಕ್ಕರು. ಸಾಂತೋ ಮೀಸೆಯಿಲ್ಲದ ತುಟಿಯ ಮೇಲೆ ಮೀಸೆ ತಿರುವಿದ.

"ಆ ಹೆಂಗಸಿನ ಮಾತಿನ ಧಾಟಿ ಎಲ್ಲೋ ಕೇಳಿದ ಹಾಗಿದೆಯಲ್ಲೋ," ಅಂದರು ಅತ್ತೆ.

"ಲೋಕದ ತುಂಬ ಇಂಥವರೇ ಅತ್ತೆ!"

ಹತ್ತು ನಿಮಿಷದ ಮೇಲೆ ಆಕೆ ಬರೆದಳು:

'ಪಂಡಿತರೇ, ಅದು ಸೀನೂ ಅಲ್ಲ, ಸಂಕೇತವೂ ಅಲ್ಲ, ನವರಸವೂ ಅಲ್ಲ. ಒಳಗೆ ತುಟಿ ಚಾಚಿ ದಾರಿ ತೋರಿಸ್ತಿದ್ದಾನೆ. ಉಪ್ಪಿನ ಡಬ್ಬಿ ಎಲ್ಲಿ ಅಂದರೂ ಹೀಗೇ, ಎಡಭುಜ ಎತ್ತಿ ತೋರಿಸ್ತಾನೆ. ಅವನು ನನ್ನ ಗಂಡ. ಐವತ್ತು ಹೆಲ್ಮೆಟ್ಟುಗಳಲ್ಲಿ ನೋಡಿದ ತಕ್ಷಣ ಗುರುತು ಹಿಡಿದೆ. ಗೋಡೆಯಷ್ಟು ದೊಡ್ಡ ಮುಖ ತೋರಿಸ್ತೀನಿ ಅಂದಿದ್ದ. ಮುಂದಿನ ವಾರದವರೆಗೆ ತಡೆಯೋಕಾಗದೆ ಇವತ್ತೇ ಹೋದೆ. ಆ ಹಾಳು ಗಾಜು ಒಂದು ಸಲ, ಒಂದೇ ಒಂದು ಸಲ ಮೇಲೆ ಸರಿದಿದ್ದರೆ ಐದು ನಕ್ಷತ್ರ ಕೊಡ್ತಿದ್ದೆ.'

ನಕ್ಕ ನಲವತ್ತು ಜನರಲ್ಲಿ ಒಬ್ಬರೂ ಈಗ ನಗುತ್ತಿರಲಿಲ್ಲ. ಸಾಂತೋಗೆ ಏನು ಮಾಡುವುದೆಂದು ತೋಚುವ ಮೊದಲೇ ಫೋನು ಹಾಡತೊಡಗಿತು. ಪರದೆಯ ಮೇಲೆ ಸೆಂಡಾ. ಪಾರ್ಕಿನಲ್ಲಿ ರಟ್ಟು ಹಾಸಿಕೊಂಡು ಕೂತಿದ್ದಾಳೆ, ಸುತ್ತ ನಾಲ್ಕು ಜನ ಗೆಳತಿಯರು.

"ಅಮ್ಮನ ಕೈಗೆ ಕೊಡು," ಅಂದಳು. ಕೊಟ್ಟ. "ಅಮ್ಮ, ನಿನ್ನ ಹೆಸರಲ್ಲಿ ಐದು ನಕ್ಷತ್ರ ನೋಡಿದೆ. ಫೋನು ಮುಟ್ಟದವಳು ನೀನು! ಪಂಡಿತ ಯಾರು?"

ಅತ್ತೆಯ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು. ತುಟಿ ಚಾಚಿ ಅಳಿಯನನ್ನು ತೋರಿಸಿಬಿಟ್ಟರು!

"ಸೆಂಡಾ," ಸಾಂತೋ ಫೋನು ಇಸಕೊಂಡು ತೊದಲಿದ, "ಹೆಲ್ಮೆಟ್ಟು ಅಂತ ಹೇಳೋಕೆ ಬಾಯೇ ಬರಲಿಲ್ಲ. ನೀನು ಅಳ್ತಿದ್ದೆ..."

"ಪುಣ್ಯವಂತ, ಸಾಕು! ಫೋನು ಕೆಳಗಿಳಿಸು. ಮೂರು ವರ್ಷ ಹಣೆ ನೋಡಿದ್ದಾಯ್ತು."

ಇಳಿಸಿದ. ಹಣೆ, ಕಣ್ಣು, ಮೂಗು, ಬಾಯಿ. ಸೆಂಡಾ ಪರದೆಯನ್ನು ಕಣ್ಣಿನ ಹತ್ತಿರ ತಂದುಕೊಂಡು ತುಂಬ ಹೊತ್ತು ನೋಡಿದಳು.

"ನಮ್ಮನೆ ಬಾಗಿಲು ಯಾವ ಕಡೆ?" ಕೇಳಿದಳು. ದನಿ ಒಡೆದಿತ್ತು.

ಸಾಂತೋ ಎಡಭುಜ ಎತ್ತಿ ತುಟಿ ಚಾಚಿದ. ಚಾಚಿದ ತುಟಿ ನಡುಗಿತು.

"ಇನ್ನೊಂದ್ಸಲ," ಅಂದಳು ಸೆಂಡಾ, ಕಣ್ಣೊರೆಸಿಕೊಂಡು. ಅವನು ತೋರಿಸಿದ. "ಇನ್ನೊಂದ್ಸಲ." ಮತ್ತೆ ತೋರಿಸಿದ.

ಗೆಳತಿಯರೂ ಮೂಗು ಒರೆಸಿಕೊಳ್ಳುತ್ತ ಪರದೆಗೆ ಬಗ್ಗಿದರು. ಅವರಲ್ಲಿ ದಪ್ಪ ಕನ್ನಡಕದವಳು ಸಾಂತೋನ ಮುಖವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಚೆನ್ನಾಗಿ ಪರೀಕ್ಷೆ ಮಾಡಿ ನಿಟ್ಟುಸಿರು ಬಿಟ್ಟಳು.

"ಬೇಜಾರು ಮಾಡ್ಕೋಬೇಡ ಸೆಂಡಾ. ಹೆಲ್ಮೆಟ್ಟೇ ಚೆನ್ನಾಗಿತ್ತು!"