ನೊಣ ಹೋಗಿದ್ದಕ್ಕೆ ಆಕ್ಷೇಪಣೆ

ಇಂದ:
ಬೇಲಿಯ ಈಚೆಗಿನ ಸೀಬೆ ತೋಟದ ಯಜಮಾನರ ಹೆಂಡತಿ
(ಬೇಲಿಯ ಆಚೆಗಿನ ತೋಟದವರಿಗೆ ತಮ್ಮನ ಹೆಂಡತಿ)

ಗೆ:
ಮಾನ್ಯ ತಪಾಸಣಾಧಿಕಾರಿಗಳು,
ಹಣ್ಣಿನ ಬೆಳೆಗಳ ಕೀಟ ಮತ್ತು ರೋಗ ನಿರ್ವಹಣಾ ಕಚೇರಿ,
ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ.

ವಿಷಯ: ಎರಡು ಸೀಬೆ ತೋಟಗಳಲ್ಲಿ ಹಣ್ಣುನೊಣ ಸಂಪೂರ್ಣ ಹತೋಟಿಗೆ ಬಂದಿರುವುದಕ್ಕೆ ಆಕ್ಷೇಪಣೆ ಸಲ್ಲಿಸುವ ಬಗ್ಗೆ.

ಉಲ್ಲೇಖ: 1) ತಮ್ಮ ಕಚೇರಿಯ ಜಂಟಿ ನಿರ್ವಹಣಾ ಆದೇಶ.
2) ತಾವು ಮೊನ್ನೆ ತೋಟದ ಗೇಟಿನ ಬಳಿ ಮೌಖಿಕವಾಗಿ ಹೇಳಿದ್ದು: “ಇನ್ನೇನಮ್ಮ, ನೊಣ ಹೋಯ್ತು. ಇನ್ಮೇಲೆ ನಿಮ್ಮ ಪಾಡಿಗೆ ನೀವು, ಅವರ ಪಾಡಿಗೆ ಅವರು.”

ಮಾನ್ಯರೇ,

ಉಲ್ಲೇಖ ಎರಡರಲ್ಲಿನ ತಮ್ಮ ಮಾತು ಅರ್ಜಿದಾರಳ ನಿದ್ದೆಗೆಡಿಸಿರುವ ಕಾರಣ ಈ ಕೆಳಕಂಡ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

1. ಸದರಿ ತೋಟಗಳು ಮೂಲತಃ ಒಂದೇ ತೋಟ. ಅರ್ಜಿದಾರಳ ಮಾವನವರು ಕಾಲವಾದ ಮೇಲೆ ಅಣ್ಣ ತಮ್ಮಂದಿರು ನಗುನಗುತ್ತಲೇ ಪಾಲು ಮಾಡಿಕೊಂಡರು. ಆಗ ಬೇಲಿ ಇರಲಿಲ್ಲ. ಬೇಲಿ ಬಂದದ್ದು ಮದ್ದು ಹೊಡೆಯುವ ಪಂಪಿನಿಂದ.

2. ಅದರ ವಿವರ: ಅರ್ಜಿದಾರಳ ಯಜಮಾನರು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ, ಅವರು ಹೊಸದಾಗಿ ನೆಟ್ಟ ಸೀಬೆ ಸಸಿಗಳಿಗೆ ಎಲೆಚುಕ್ಕೆ ರೋಗ ಬಂತು. ಯಾರೂ ಕೇಳದಿದ್ದರೂ ಭಾವನವರೇ ಪಂಪು ಬೆನ್ನಿಗೇರಿಸಿಕೊಂಡು ಬಂದು ಔಷಧಿ ಹೊಡೆದರು. ಅದೇ ಪಂಪಿನಲ್ಲಿ ಅದಕ್ಕೆ ಮುಂಚೆ ಕಳೆನಾಶಕ ಹೊಡೆದಿದ್ದರು. ಯಜಮಾನರು ಊರುಗೋಲು ಹಿಡಿದು ಮನೆಗೆ ಬರುವಷ್ಟರಲ್ಲಿ ಸಸಿಗಳ ಎಲೆ ಮುರುಟಿ, ಚಿಗುರು ಸುಟ್ಟು, ಸಾಲಿಗೆ ಸಾಲೇ ಒಣಗಿ ನಿಂತಿತ್ತು.

“ಬೇಕಂತ್ಲೇ ಮಾಡಿದ್ದಾನೆ” ಎಂದರು ಯಜಮಾನರು.

“ರೀ, ಪಾಪ, ಗೊತ್ತಿಲ್ದೆ ಆಗಿರುತ್ತೆ” ಎಂದಳು ಅರ್ಜಿದಾರಳು.

“ಮದ್ದು ಹೊಡೆಯೋದ್ರಲ್ಲೇ ತಲೆ ನೆರೆದಿದೆ. ಅವನಿಗೆ ಗೊತ್ತಿಲ್ವಾ?”

ಭಾವನವರು ಬಾಯಿ ಬಿಟ್ಟು ಒಂದು ಮಾತು ಆಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಮನೆತನದ ಗಂಡಸರಿಗೆ ತಪ್ಪಾಯಿತು ಎನ್ನುವ ಪದ ಗಂಟಲಲ್ಲಿ ಮುಳ್ಳಾಗಿ ನಿಲ್ಲುವ ಕಾಯಿಲೆ ಇದೆ. ಇದಕ್ಕೆ ತಮ್ಮ ಕಚೇರಿಯಲ್ಲಿ ಔಷಧಿ ಇದ್ದಂತಿಲ್ಲ. ಆದ್ದರಿಂದ ಬೇಲಿ ಬಂತು. ಸಾವು ನೋವಿಗೂ ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೋಗಿ ಬರತೊಡಗಿದರು. ಅರ್ಜಿದಾರಳು ಮತ್ತು ಅವಳ ಓರಗಿತ್ತಿ ಮಾತ್ರ ಬಟ್ಟೆ ಒಣಹಾಕುವ ನೆಪದಲ್ಲಿ ಸಂಬಂಧ ಉಳಿಸಿಕೊಂಡರು.

3. ಹೀಗಿರುವಾಗ ಹಣ್ಣುನೊಣ ಬಂತು. ಹೊರಗೆ ನೋಡಿದರೆ ಬಂಗಾರದಂಥ ಹಣ್ಣು, ಒಳಗೆ ಬಿಳೀ ಹುಳು. ಹಣ್ಣಿನ ವ್ಯಾಪಾರಿ ನಮ್ಮೆದುರೇ ಒಂದು ಹಣ್ಣು ಹೋಳು ಮಾಡಿ, “ಯಜಮಾನ್ರೇ, ನಂದು ಹಣ್ಣಿನಂಗಡಿ. ಮಾಂಸದಂಗಡಿ ಮುಂದಿನ ಬೀದಿಲಿದೆ” ಎಂದ. ಯಜಮಾನರು ಬುಟ್ಟಿಗಳನ್ನು ಹಾಗೇ ವಾಪಸು ಹೊತ್ತು ತಂದರು. ಅಂದೇ ತಮ್ಮ ಕಚೇರಿಯ ಮೆಟ್ಟಿಲು ಹತ್ತಿ ದೂರು ಕೊಟ್ಟರು.

4. ಮರುದಿನವೇ ತಾವು ಬಂದು, ಕಾಯಿಗೆ ಚೀಲ ಕಟ್ಟಿ ಎಂದಿರಿ, ಕಟ್ಟಿದೆವು. ಗಂಡು ನೊಣಗಳನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ತೂಗುಹಾಕಿ ಎಂದಿರಿ, ಹಾಕಿದೆವು. ಇದಕ್ಕೆ ಬೇಲಿಯಾಚೆಯಿಂದ ತಕರಾರು ಬಂತು.

“ಏನಮ್ಮಾ, ನಿಮ್ಮ ಬಲೆ ನಮ್ಮ ತೋಟದ ನೊಣನೆಲ್ಲ ಕರೀತಿದೆ” ಎಂದರು ಭಾವ.

“ಒಳ್ಳೇದೇ ಆಯ್ತಲ್ಲ ಭಾವ.”

“ಒಳ್ಳೇದೋ ಕೆಟ್ಟದ್ದೋ, ನಮ್ಮ ನೊಣನ ಕರೆಯೋಕೆ ಅವನ್ಯಾರು?”

5. ಬಲೆ ತುಂಬಿತು, ನೊಣ ಕಡಿಮೆಯಾಗಲಿಲ್ಲ. ತಾವು ಎರಡನೇ ಸಲ ಬಂದಾಗ ಬೇಲಿಯ ಎರಡೂ ಕಡೆ ಬಗ್ಗಿ ನೋಡಿದಿರಿ. ಆಚೆ ಕಡೆ ಉದುರಿದ ಹಣ್ಣು ಹಾಸಿಗೆ ಹಾಸಿದಂತೆ ಬಿದ್ದಿತ್ತು. ಆ ಹಣ್ಣಿನ ಹುಳು ಮಣ್ಣಿಗಿಳಿದು, ಕೋಶ ಕಟ್ಟಿ, ನೊಣವಾಗಿ ಎದ್ದು ಬರುತ್ತದೆಂದು ತಾವು ತಾಳ್ಮೆಯಿಂದ ತಿಳಿಸಿದಿರಿ. “ಬೇಲಿ ನಿಮಗೆ, ನೊಣಕ್ಕಲ್ಲ” ಎಂದಿರಿ. ಎರಡೂ ತೋಟದವರು ದಿನಾ ಬೆಳಗ್ಗೆ ಕೂಡಿಯೇ ಉದುರಿದ ಹಣ್ಣು ಆಯ್ದು, ಒಂದೇ ಆಳವಾದ ಗುಂಡಿಗೆ ಹಾಕಿ ಮುಚ್ಚತಕ್ಕದ್ದು, ಬುಡದ ಮಣ್ಣು ಕೆದಕತಕ್ಕದ್ದು, ತಪ್ಪಿದಲ್ಲಿ ಇಬ್ಬರ ಹಣ್ಣೂ ಮಾರುಕಟ್ಟೆಗೆ ಹೋಗತಕ್ಕದ್ದಲ್ಲ ಎಂಬ ಆದೇಶ ಬಂತು. ಗುಂಡಿಗಾಗಿ ಬೇಲಿಯ ಒಂದು ಭಾಗ ಕೀಳಲಾಯಿತು.

6. ಆದೇಶ ಜಾರಿಯಾದ ಮೊದಲ ದಿನಗಳಲ್ಲಿ ಅರ್ಜಿದಾರಳು ಟಪಾಲು ಇಲಾಖೆಯ ಕೆಲಸ ಮಾಡಿದಳು.

“ಅವನಿಗೆ ಹೇಳಮ್ಮ, ಆ ಕೊಂಬೆ ಕೆಳಗಿಂದು ಬಿಟ್ಟಿದ್ದಾನೆ.”

“ಅವರಿಗೆ ಹೇಳೇ, ನನಗೂ ಕಣ್ಣಿದೆ.”

ಇಬ್ಬರ ನಡುವೆ ಇದ್ದದ್ದು ಒಂದು ಬುಟ್ಟಿಯ ಅಂತರ. ಒಂದು ಬೆಳಗ್ಗೆ ಅರ್ಜಿದಾರಳು ತಾಳ್ಮೆಗೆಟ್ಟು, ಒಲೆ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಹೊರಟು, ಪಂಪುಮನೆಯ ಹಿಂದೆ ನಿಂತಳು. ಕದ್ದು ಕೇಳಿದಳೆಂದು ಯಾರಾದರೂ ಆಪಾದಿಸಿದಲ್ಲಿ, ಹೌದು.

7. ಅಂದು ತಾವು ಹೇಳಿದ್ದ ಸಿಹಿ ಬೆರೆಸಿದ ಔಷಧಿಯನ್ನು ಕಾಂಡಗಳಿಗೆ ಹೊಡೆಯಬೇಕಿತ್ತು. ಯಜಮಾನರು ಪಂಪಿಗೆ ಕೈ ಹಾಕಿದರು. ಭಾವನವರು ಅದನ್ನು ಅವರ ಕೈಯಿಂದ ಕಸಿದುಕೊಂಡರು. ಜಗಳವೇ ಆಯಿತೆಂದು ಅರ್ಜಿದಾರಳು ಸೆರಗು ಬಾಯಿಗೆ ಒತ್ತಿಕೊಂಡಳು. ಆದರೆ ಅವರು ಪಂಪನ್ನು ನಲ್ಲಿಯ ಕೆಳಗಿಟ್ಟು ತೊಳೆದರು. ಚೆಲ್ಲಿದರು. ಸೋಪು ಹಾಕಿ ಉಜ್ಜಿದರು. ನಳಿಕೆ ಬಿಚ್ಚಿ ಊದಿದರು. ಮತ್ತೆ ತೊಳೆದರು. ಮೂಸಿ ನೋಡಿ, ತಮ್ಮನ ಮೂಗಿನ ಬಳಿಯೂ ಹಿಡಿದರು.

“ಈಗ ಹೊಡಿ.”

ಯಜಮಾನರು ಪಂಪು ತೆಗೆದುಕೊಳ್ಳಲಿಲ್ಲ. “ಅವತ್ತು ತೊಳೆದಿರ್ಲಿಲ್ವಾ?” ಎಂದರು.

“ತೊಳೆದಿದ್ದೆ ಕಣೋ. ಸುಮ್ನೆ ನೀರಲ್ಲಿ ಒಂದ್ಸಲ ಕುಲುಕಿ ಚೆಲ್ಲಿದ್ದೆ. ಅದು ಸಾಲಲ್ಲ ಅಂತ ಗೊತ್ತಿರ್ಲಿಲ್ಲ.”

“ಅದನ್ನ ಅವತ್ತೇ ಹೇಳೋಕೇನಾಗಿತ್ತು?”

“ನೀನು ಕೇಳ್ಲಿಲ್ವಲ್ಲೋ. ಕೇಳ್ದೆ ಊರೆಲ್ಲ ಹೇಳ್ಕೊಂಡು ಬಂದೆ.”

ಯಜಮಾನರು ಬೆನ್ನು ತಿರುಗಿಸಿ ನಿಂತು, “ಹೂಂ, ಏರಿಸು. ಕಾಲು ನೋಯುತ್ತೆ, ಒಬ್ಬನಿಗೇ ಎತ್ತೋಕಾಗಲ್ಲ” ಎಂದರು. ಭಾವನವರು ಪಂಪು ಏರಿಸಿ ಪಟ್ಟಿ ಬಿಗಿದರು. ಅದು ಮೊದಲೇ ಬಿಗಿಯಾಗಿತ್ತು. ಆದರೂ ಮತ್ತೊಮ್ಮೆ ಬಿಗಿದರು. ಅರ್ಜಿದಾರಳು ಆ ದಿನ ಅತ್ತಳೆಂಬುದು ಈ ಅರ್ಜಿಗೆ ಅಪ್ರಸ್ತುತ.

8. ತರುವಾಯ ತೋಟದಲ್ಲಿ ಮಾತು ಶುರುವಾಯಿತು. ಮೊದಲು ನೊಣದ ಬಗ್ಗೆ, ಆಮೇಲೆ ಬಿಳಿನೊಣ, ಹಿಟ್ಟುತಿಗಣೆ, ಮಂಡಿನೋವು, ರಕ್ತದೊತ್ತಡ, ಅಪ್ಪನ ಸಿಟ್ಟು. ಓರಗಿತ್ತಿ ಇಬ್ಬರಿಗೂ ಒಂದೇ ಪಾತ್ರೆಯಲ್ಲಿ ಕಾಫಿ ಕಾಯಿಸತೊಡಗಿದಳು. ಅದೇ ವ್ಯಾಪಾರಿ ಎರಡೂ ತೋಟದ ಹಣ್ಣನ್ನು ಬೆರೆಸಿ ಒಯ್ದ. ಹೋಳು ಮಾಡಿ ನೋಡಿ, ಬಾಯಿಗೂ ಹಾಕಿಕೊಂಡ.

9. ಈಗ ತೊಂದರೆ ಏನೆಂದರೆ, ಬಲೆ ಖಾಲಿ. ಉದುರಿದ ಹಣ್ಣಿಲ್ಲ. ಅಣ್ಣ ತಮ್ಮಂದಿರು ಈಗಲೂ ಬೆಳಗ್ಗೆ ಬುಟ್ಟಿ ಹಿಡಿದು ಬರುತ್ತಾರೆ. “ಇದ್ಯಾ?” ಎಂದು ಒಬ್ಬರು. “ಇಲ್ಲ” ಎಂದು ಇನ್ನೊಬ್ಬರು. ಆಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯದು. ಕೆಲಸವಿಲ್ಲದೆ ಸುಮ್ಮನೆ ಅಣ್ಣನ ಪಕ್ಕ ನಿಲ್ಲುವುದು ಹೇಗೆಂಬುದು ಆ ಮನೆತನದಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನೆ ಭಾವನವರು, “ಲೋ ತಮ್ಮಾ, ಬಾರೋ ಇಲ್ಲಿ! ತೂತಾಗಿದೆ!” ಎಂದು ಕೂಗಿದರು. ಯಜಮಾನರು ಕುಂಟುತ್ತಲೇ ಓಡಿದರು. ಹಣ್ಣು ಸೀಳಿ ನೋಡಿದರೆ ಹುಳು ಇಲ್ಲ. ಗಿಳಿ ಕುಕ್ಕಿದ್ದು. ಇಬ್ಬರ ಮುಖವೂ ಇಳಿದುಹೋಯಿತು.

ಕಾರಣ, ತಮ್ಮ ಚಿಕಿತ್ಸೆಯಲ್ಲಿ ಯಾವ ಲೋಪವೂ ಇಲ್ಲದಿರುವ ಕಾರಣ, ಮತ್ತು ನೊಣವನ್ನು ವಾಪಸು ಕೇಳುವಷ್ಟು ಅರ್ಜಿದಾರಳು ಮೂರ್ಖಳಲ್ಲದ ಕಾರಣ, ತಾವು ದಯವಿಟ್ಟು ಜಂಟಿ ಆದೇಶವನ್ನು ರದ್ದುಪಡಿಸದೆ, ಹಣ್ಣಿಗಾಗಲಿ ಮರಕ್ಕಾಗಲಿ ಹಾನಿ ಮಾಡದ, ಆದರೆ ಇಬ್ಬರು ಗಂಡಸರು ದಿನವೂ ಕೂಡಿ ಹುಡುಕಲೇಬೇಕಾದ ಯಾವುದಾದರೂ ಒಂದು ಕೀಟವನ್ನು ಅಥವಾ ರೋಗವನ್ನು ಸದರಿ ತೋಟಗಳಿಗೆ ಮಂಜೂರು ಮಾಡಿಕೊಡಬೇಕಾಗಿ ಪ್ರಾರ್ಥನೆ. ಅದರ ಹೆಸರು ಉದ್ದವಾಗಿದ್ದಷ್ಟೂ ಒಳ್ಳೆಯದು.

ಇತಿ, ತಮ್ಮಲ್ಲಿ ಮತ್ತು ತಮ್ಮ ಮೊಹರಿನಲ್ಲಿ ನಂಬಿಕೆಯುಳ್ಳ,
ಅರ್ಜಿದಾರಳು (ನಿವೃತ್ತ ಟಪಾಲು)

ಲಗತ್ತುಗಳು:
ಅ) ಜಂಟಿ ಆದೇಶದ ನಕಲು.
ಆ) ಓರಗಿತ್ತಿಯ ಒಪ್ಪಿಗೆ, ಸಹಿ ಸಮೇತ.
ಇ) ಸೀಬೆಹಣ್ಣು, ಒಂದು ಬುಟ್ಟಿ. ಇದು ಲಂಚವಲ್ಲ, ಮಾದರಿ. ಕಚೇರಿಯ ಎಲ್ಲರೂ ಪರೀಕ್ಷಿಸಬಹುದು.

ವಿಶೇಷ ಸೂಚನೆ: ಹೊಸ ಆದೇಶವನ್ನು ಇಬ್ಬರಿಗೂ ಸೇರಿ ಒಂದೇ ಪ್ರತಿಯಲ್ಲಿ, ಸಣ್ಣ ಅಕ್ಷರದಲ್ಲಿ ಕಳಿಸಬೇಕಾಗಿ ಕೋರಿಕೆ. ಯಜಮಾನರ ಕನ್ನಡಕ ಒಡೆದಿದೆ. ಅಣ್ಣ ಓದಿ ಹೇಳಬೇಕಾಗುತ್ತದೆ.