ಬೋರ್ಡಿನ ತಳದಲ್ಲೊಂದು ಗೇಣು ಜಾಗ

ಆವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಬೋರ್ಡಿನ ತಳದಲ್ಲಿ ಖಾಲಿ ಉಳಿದಿದ್ದ ಒಂದು ಗೇಣು ಜಾಗ. ಉಳಿದ ಕಡೆಯೆಲ್ಲ ಸಮುದ್ರತೀರಕ್ಕೆ ಬರುವವರು ಪಾಲಿಸಬೇಕಾದ ನಿಯಮಗಳು ಇರುವೆ ಸಾಲಿನಂತೆ ಒತ್ತೊತ್ತಾಗಿ ತುಂಬಿದ್ದವು. ಕೆಂಪು ಬಾವುಟವಿದ್ದರೆ ನೀರಿಗಿಳಿಯಬೇಡಿ, ಊಟ ಮಾಡಿ ಇಳಿಯಬೇಡಿ, ಹಸಿದು ಇಳಿಯಬೇಡಿ, ಒಬ್ಬರೇ ಇಳಿಯಬೇಡಿ, ಗುಂಪಾಗಿ ಇಳಿಯಬೇಡಿ. ಇಷ್ಟನ್ನೂ ಪಾಲಿಸುವವನು ಸಮುದ್ರಕ್ಕೆ ಬರುವುದೇ ಬೇಡ, ಮನೆಯಲ್ಲಿ ಬಕೆಟ್ಟಿನ ಮುಂದೆ ಕೂತರೆ ಸಾಕು. ಅದೂ ಬಕೆಟ್ಟು ಅರ್ಧ ಮಾತ್ರ ತುಂಬಿರಬೇಕು.

ಬರೆದವನು ನಗರಸಭೆ ಕಚೇರಿಯ ಗುಮಾಸ್ತ. ಯಾರ ಹತ್ತಿರ ಮಾತಾಡಿದರೂ ‘ಜೋಪಾನ’ ಅನ್ನದೆ ಮುಗಿಸುವವನಲ್ಲ, ಹಾಗಾಗಿ ಊರಿಗೆಲ್ಲ ಅವನು ಜೋಪಾನಪ್ಪ. ಸ್ವಂತ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಈಜು ಬಾರದು. ಬಚ್ಚಲುಮನೆಗೂ ಗೋಡೆ ಹಿಡಿದುಕೊಂಡು ಹೋಗುವ ಆಸಾಮಿ. ಅಂಥವನ ಕೈಗೆ ಇಡೀ ಸಮುದ್ರವನ್ನು ಒಪ್ಪಿಸಿದ್ದು ಆ ಕಚೇರಿಯ ಜಾಣತನ.

ತಳದ ಗೇಣು ಜಾಗದಲ್ಲಿ ‘ನಿಯಮ ರಚನೆ’ ಎಂದು ಬರೆಸಿ ತನ್ನ ಹೆಸರು ಹಾಕಿಸಬೇಕೆಂಬುದು ಜೋಪಾನಪ್ಪನ ಆಸೆ. ಆಸೆಯ ಹಿಂದೆ ಅವನ ಷಡ್ಡಕನಿದ್ದ. ಹೆಂಡತಿಯ ಅಕ್ಕನ ಗಂಡ, ಕಂಟ್ರಾಕ್ಟರು. ಅವನು ಬಸ್ ನಿಲ್ದಾಣದಲ್ಲಿ ಒಂದು ತಗಡಿನ ಚಾವಣಿ ಹಾಕಿಸಿ, ಕಂಬಕ್ಕೆ ತನ್ನ ಹೆಸರಿನ ಕಲ್ಲು ಕೂರಿಸಿಕೊಂಡಿದ್ದ. ಚಾವಣಿ ಮೊದಲ ಗಾಳಿಗೇ ಹಾರಿಹೋಯಿತು. ಕಲ್ಲು ಮಾತ್ರ ಗಟ್ಟಿಯಾಗಿ ನಿಂತಿದೆ.

“ನಮ್ಮ ಭಾವಂದು ಕಲ್ಲಲ್ಲಿದೆ ಹೆಸರು,” ಎಂದು ಹೆಂಡತಿ ಆ ಭಾನುವಾರ ಬೆಳಿಗ್ಗೆಯೂ ಅಂದಳು. “ನಿಮ್ಮದು ಎಲ್ಲಿದೆ? ರೇಷನ್ ಕಾರ್ಡಲ್ಲಿ. ಅದೂ ತಪ್ಪಾಗಿ.”

“ಸಂಜೆ ನಗರಸಭೆ ಅಧ್ಯಕ್ಷರು ಬರ್ತಾರೆ ಕಣೇ. ಬೋರ್ಡ್ ನೋಡಿ ಹೂಂ ಅಂದ್ರೆ ಅವರ ಮುಂದೇನೇ ಹೆಸರು ಬರೆಸೋದು. ನಿನ್ನ ಭಾವನ ಕಲ್ಲಿಗಿಂತ ದೊಡ್ಡದಾಗಿ.”

“ಅವರು ಹೂಂ ಅನ್ನದಿದ್ರೆ?”

“ಬಾಯಿ ತೊಳಕೋ,” ಎಂದು ಜೋಪಾನಪ್ಪ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಹೊರಟ.

ತೀರದಲ್ಲಿ ಪೇಂಟರು ಬೋರ್ಡಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ.

“ಹೆಸರು ಎಷ್ಟು ದಪ್ಪ ಇರ್ಲಿ ಸಾರ್?”

“ರಸ್ತೇಲಿ ಬಸ್ಸಲ್ಲಿ ಹೋಗೋರಿಗೂ ಕಾಣ್ಬೇಕು. ಕೆಂಪು ಬಣ್ಣ. ಯಾರು ಬೇಡ ಅಂದ್ರೂ ಕೇಳ್ಬೇಡ. ಕೊನೆಗೆ ನಾನೇ ಬೇಡ ಅಂದ್ರೂ ಕೇಳ್ಬೇಡ. ಅಧ್ಯಕ್ಷರ ಎದುರು ನನಗೆ ಸ್ವಲ್ಪ ಸಂಕೋಚ ಜಾಸ್ತಿ.”

ಪೇಂಟರು ತಲೆಯಾಡಿಸಿ ಮತ್ತೆ ಬೀಡಿಗೆ ಬಾಯಿ ಕೊಟ್ಟ.

ಆಮೇಲೆ ಜೀವರಕ್ಷಕನ ಪರೀಕ್ಷೆ. ಅವನೊಬ್ಬ ಪೈಲ್ವಾನ. ತೋಳು ಕಂಬದಂತಿದ್ದವು, ತಲೆಯೊಳಗೆ ಹೆಚ್ಚಿನ ಸಾಮಾನೇನೂ ಇರಲಿಲ್ಲ. ಇದ್ದ ಜಾಗಕ್ಕೆಲ್ಲ ಜೋಪಾನಪ್ಪ ತಿಂಗಳಿಂದ ನಿಯಮ ತುಂಬಿಸಿದ್ದ. ಒಂದು ತಪ್ಪಿದರೂ ಕೆಲಸದಿಂದ ಕಿತ್ತುಹಾಕಿಸುತ್ತೇನೆಂದು ಹೆದರಿಸಿಯೂ ಇದ್ದ.

“ನೀರಲ್ಲಿ ಯಾರಾದ್ರೂ ಒಂದು ಕೈ ಮೇಲೆತ್ತಿ ಕೂಗಿದ್ರೆ?”

“ಮುಳುಗ್ತಿದಾನೆ ಅಂತರ್ಥ ಸಾರ್. ಹಿಡ್ಕೊಂಡು ಬರೋದು.”

“ಅವನು, ಇಲ್ಲಪ್ಪ ನಾನು ಮುಳುಗ್ತಿಲ್ಲ, ಬಿಡು ಅಂದ್ರೆ?”

“ಕೇಳ್ಬಾರ್ದು ಸಾರ್. ಗಾಬರಿಗೆ ಏನೇನೋ ಬಡಬಡಿಸ್ತಾನೆ.”

“ದೊಡ್ಡ ಮನುಷ್ಯ ಆಗಿದ್ರೆ? ಬೈದ್ರೆ?”

“ಬೈದಷ್ಟೂ ಗಟ್ಟಿಯಾಗಿ ಹಿಡ್ಕೋಬೇಕು ಸಾರ್.”

“ಭೇಷ್,” ಎಂದ ಜೋಪಾನಪ್ಪ, ಮೀಸೆ ನೀವಿಕೊಳ್ಳುತ್ತಾ.

ಹತ್ತು ಗಂಟೆ ದಾಟಿತೋ ಇಲ್ಲವೋ, ಜನ ಬಂದು ಸುರಿದರು. ಬೋರ್ಡಿಗೆ ಉಪಯೋಗ ಸಿಕ್ಕಿತು. ಒಬ್ಬ ಅದಕ್ಕೆ ಒದ್ದೆ ಟವೆಲ್ಲು ಒಣಹಾಕಿದ. ಇನ್ನೊಂದು ಸಂಸಾರ ಅದರ ನೆರಳಲ್ಲಿ ಕಡಲೆಕಾಯಿ ಬಿಡಿಸಿ, ‘ಕಸ ಹಾಕಬೇಡಿ’ ಎಂಬ ಸಾಲಿನ ಕೆಳಗೇ ಸಿಪ್ಪೆ ಗುಡ್ಡೆ ಹಾಕಿತು. ಕನ್ನಡಕದ ಮೇಷ್ಟ್ರೊಬ್ಬರು ಮಾತ್ರ ಮೇಲಿನಿಂದ ಕೆಳಗಿನವರೆಗೆ ಓದಿದರು. ಜೋಪಾನಪ್ಪನಿಗೆ ಕಣ್ಣು ತುಂಬಿ ಬಂತು. ಮೇಷ್ಟ್ರು ಕನ್ನಡಕ ತೆಗೆದು, “ಎರಡು ಕಡೆ ಕಾಗುಣಿತ ತಪ್ಪಿದೆ,” ಎಂದು ಹೇಳಿ, ಪಂಚೆ ಎತ್ತಿ ಕಟ್ಟಿಕೊಂಡು ಕೆಂಪು ಬಾವುಟದ ಆಚೆಗೆ ಇಳಿದೇಬಿಟ್ಟರು. ಓದಿದವರ ಹಣೆಬರಹವೇ ಇದು. ಓದದವರಾದರೂ ಗೊತ್ತಿಲ್ಲದೆ ಇಳಿದಿದ್ದರು.

ಜೋಪಾನಪ್ಪ ಕೈಮೈಕು ಹಿಡಿದು ಅತ್ತಿಂದಿತ್ತ ಓಡಿದ. “ಹಿಂದೆ ಬನ್ನಿ! ನಿಮ್ಮನ್ನೇ ರೀ! ಜೋಪಾನ!” ಮೈಕು ಮಧ್ಯಾಹ್ನದವರೆಗೆ ಅರಚಿ, ಕೆಮ್ಮಿ, ಉಸಿರು ಬಿಟ್ಟಿತು. ಅಷ್ಟರಲ್ಲಿ ಹೆಂಡತಿ ಕೊಡೆ ಹಿಡಿದು ಬಂದಳು. ಅವಳ ಹಿಂದೆ, ಹೂವಿನ ಚಿತ್ರದ ಚಡ್ಡಿ ತೊಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಫೋನನ್ನು ಕೊರಳಿಗೆ ನೇತುಹಾಕಿಕೊಂಡು ಬಂದವನು ಷಡ್ಡಕ.

“ಏನಪ್ಪಾ, ಸಮುದ್ರ ನಿಂದಂತೆ?” ಎಂದು ಬೆನ್ನು ತಟ್ಟಿದ. “ನನಗೂ ಒಂದು ಮುಳುಗು ಹಾಕೋಕೆ ಪರ್ಮಿಷನ್ ಕೊಡು.”

“ಭಾವ, ಬೇಡ. ಕೆಂಪು ಬಾವುಟ ಇದೆ.”

“ಬಾವುಟ ನಿನ್ನಂಥೋರಿಗೆ. ನಾನು ಬಾವಿ ತೋಡಿಸಿದೋನು,” ಎಂದವನೇ ಬಾವುಟ ದಾಟಿ ಸೊಂಟದ ಮಟ್ಟ ನೀರಲ್ಲಿ ನಿಂತು ಹಲ್ಲು ಕಿರಿದ.

ಅಧ್ಯಕ್ಷರ ಕಾರು ಆಗಲೇ ರಸ್ತೆಯ ತಿರುವಿನಲ್ಲಿ ಕಾಣಿಸಿತು. ಸಂಜೆ ಬರಬೇಕಾದವರು ಮಧ್ಯಾಹ್ನವೇ ಬಂದಿದ್ದರು. ನಿಯಮ ಬರೆದವನ ಷಡ್ಡಕನೇ ಬಾವುಟದಾಚೆ ಕುಣಿಯುವುದನ್ನು ಕಂಡರೆ ಅಧ್ಯಕ್ಷರು ಹೂಂ ಅಂದಾರೆಯೇ? ಹೆಸರು ಹೋಯಿತು ಎಂದೇ ಲೆಕ್ಕ. ಇನ್ನು ಆಯುಷ್ಯವಿಡೀ ಬಸ್ ನಿಲ್ದಾಣದ ಆ ಕಲ್ಲನ್ನು ನೋಡಿಕೊಂಡು ಬಸ್ಸು ಹತ್ತಬೇಕು.

ಇಸ್ತ್ರಿ ಪ್ಯಾಂಟನ್ನು ಮಡಚಿ ಜೋಪಾನಪ್ಪ ನೀರಿಗಿಳಿದ. ಹುಟ್ಟಿದ ಮೇಲೆ ಮೊದಲ ಸಲ. ಪಾದ ಮುಳುಗಿತು, ಮೊಣಕಾಲು ಮುಳುಗಿತು, ಅಲ್ಲಿಗೆ ಧೈರ್ಯವೂ ಮುಗಿಯಿತು. ಅಲ್ಲೇ ನಿಂತು ಬಲಗೈಯನ್ನು ಆದಷ್ಟು ಮೇಲಕ್ಕೆತ್ತಿ ಗಂಟಲು ಹರಿಯುವಂತೆ ಕೂಗಿದ: “ಭಾವಾ! ಬಾರೋ ಈಚೆಗೆ! ಅಯ್ಯೋ ಬಾರೋ!”

ನೀರಲ್ಲಿದ್ದವರೆಲ್ಲ ಅಕ್ಕರೆಯಿಂದ ಕೈ ಬೀಸಿದರು. ಷಡ್ಡಕನೂ ಬೀಸಿದ.

ಪೈಲ್ವಾನ ಎತ್ತರದ ಕುರ್ಚಿಯಿಂದ ನೋಡಿದ. ಒಂದು ಕೈ ಮೇಲೆ. ಕೂಗು. ಗೂಳಿಯಂತೆ ನುಗ್ಗಿ ಬಂದು ಜೋಪಾನಪ್ಪನ ಸೊಂಟಕ್ಕೆ ಕೈ ಹಾಕಿದ.

“ಏಯ್! ನಾನು ಕಣೋ! ನಾನು ಮುಳುಗ್ತಿಲ್ಲ!”

“ಗೊತ್ತು ಸಾರ್, ಹಂಗೇ ಅಂತೀರ,” ಎಂದ ಪೈಲ್ವಾನ ಸಮಾಧಾನವಾಗಿ.

“ಮೊಣಕಾಲುದ್ದ ನೀರು ಕಣೋ ದಡ್ಡಾ! ಬಿಡೋ ಕತ್ತೆ! ಕೆಲಸ ತೆಗೆಸ್ತೀನಿ!”

ಬೈದಷ್ಟೂ ಹಿಡಿತ ಬಿಗಿಯಾಯಿತು. ಜೋಪಾನಪ್ಪ ಪೈಲ್ವಾನನ ಹೆಗಲ ಮೇಲೆ ಅಕ್ಕಿಮೂಟೆಯಂತೆ ತಲೆಕೆಳಗಾಗಿ ಬಿದ್ದ. ಒಂದು ಕೈ ಇನ್ನೂ ಮೇಲೇ ಇತ್ತು, ಬಾಯಿ ಬಾವಿಯಂತೆ ತೆರೆದಿತ್ತು, ಪ್ಯಾಂಟು ಎಲ್ಲಿರಬೇಕೋ ಅಲ್ಲಿರಲಿಲ್ಲ. ಷಡ್ಡಕ ಎಂಥ ಅಲೆಗೂ ಅಲುಗದೆ ನಿಂತು, ಫೋನೆತ್ತಿ ಚೆನ್ನಾಗಿ ಒಂದು ಫೋಟೋ ಹೊಡೆದುಕೊಂಡ. ದಡಕ್ಕೆ ತಂದವನೇ ಪೈಲ್ವಾನ, ‘ಉಳಿಸಿದವರ ಮೈ ಬೆಚ್ಚಗಿಡಿ’ ಎಂಬ ನಿಯಮದಂತೆ, ಆ ಸುಡುಬಿಸಿಲಲ್ಲಿ ಅವನಿಗೆ ಎರಡು ಕಂಬಳಿ ಸುತ್ತಿದ. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಕೇಳಿ ಅಧ್ಯಕ್ಷರು ಗುಂಪು ಸರಿಸಿಕೊಂಡು ಬಂದರು. “ಏನ್ರೀ ಇದು? ನಮ್ಮ ಗುಮಾಸ್ತ ಅಲ್ವಾ? ನಿಜವಾಗ್ಲೂ ಮುಳುಗ್ತಿದ್ರಾ?”

ಕಂಬಳಿಯೊಳಗೆ ಬೆವರುತ್ತಾ ಜೋಪಾನಪ್ಪ ಲೆಕ್ಕ ಹಾಕಿದ. ಇಲ್ಲ ಅಂದರೆ ತಾನು ಬರೆದ ನಿಯಮ ಮೂರ್ಖರ ನಿಯಮವಾಗುತ್ತದೆ. ಹೌದು ಅಂದರೆ ತಾನೊಬ್ಬನೇ ಮೂರ್ಖ. ನಿಯಮ ಉಳಿದರೆ ಹೆಸರೂ ಉಳಿಯುತ್ತದೆ.

“ಹೌದು ಸಾರ್,” ಎಂದ. “ಮುಳುಗೇ ಹೋಗ್ತಿದ್ದೆ. ನಾನು ಬರೆದ ನಿಯಮಾನೇ ನನ್ನ ಉಳಿಸ್ತು.”

“ಆಹಾ!” ಎಂದರು ಅಧ್ಯಕ್ಷರು. ಬೋರ್ಡಿನ ಮುಂದೆ ನಿಂತರು. ಎರಡು ಸಾಲು ಓದುವಷ್ಟರಲ್ಲಿ ಆಕಳಿಸಿದರು. “ಆದ್ರೆ ಒಂದು ಮಾತು ಕಣ್ರೀ. ಇಷ್ಟುದ್ದ ಬರೆದ ನೀವೇ ಕೆಂಪು ಬಾವುಟ ಇದ್ರೂ ಇಳಿದ್ರಿ ಅಂದ್ಮೇಲೆ, ಇದನ್ನ ಓದಿ ಯಾವನು ನಿಲ್ತಾನೆ? ಜನಕ್ಕೆ ಅಕ್ಷರ ಬೇಡ. ಚಿತ್ರ ಬೇಕು.”

“ಚಿತ್ರಾನಾ ಸಾರ್? ಒಳ್ಳೇದಿದೆ!” ಎಂದು ಷಡ್ಡಕ ಫೋನು ಮುಂದೆ ಹಿಡಿದ.

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, “ಇದೇ ಸರಿ. ಎಲ್ಲಾ ಬಳಿದು ಹಾಕಿ ಇದನ್ನ ಬರೀರಿ. ‘ಹೀಗೆ ಮಾಡಬೇಡಿ’ ಅಂತ ಒಂದೇ ಸಾಲು,” ಎಂದರು.

ಪೇಂಟರು ಸುಣ್ಣದಂಥ ಬಿಳಿ ಬಣ್ಣ ತಂದು, ತಿಂಗಳುಗಟ್ಟಲೆ ಜೋಪಾನಪ್ಪ ನಿದ್ದೆಗೆಟ್ಟು ಬರೆದದ್ದನ್ನೆಲ್ಲ ಟೀ ಕಾಯುವಷ್ಟರಲ್ಲಿ ಅಳಿಸಿದ. ಆಮೇಲೆ ಫೋಟೋ ನೋಡಿ ನೋಡಿ ಚಿತ್ರ ಬರೆದ. ಕೆಟ್ಟ ಕೈಯವನಾಗಿದ್ದರೆ ಚೆನ್ನಾಗಿತ್ತು. ಪಾಪಿ, ಮೂಗಿನ ಮೇಲಿನ ಮಚ್ಚೆಯನ್ನೂ ಬಿಡಲಿಲ್ಲ. ಪ್ಯಾಂಟು ಇಲ್ಲದ ಕಡೆ ಇನ್ನೂ ಶ್ರದ್ಧೆ ವಹಿಸಿದ.

ಹೊತ್ತು ಇಳಿಯಿತು. ಪೇಂಟರು ಕುಂಚವನ್ನು ಕೆಂಪು ಡಬ್ಬಿಗೆ ಅದ್ದಿ, ತಳದ ಗೇಣು ಜಾಗದ ಮುಂದೆ ಕೂತ.

“ಏಯ್, ಏನು ಮಾಡ್ತಿದೀಯ?” ಜೋಪಾನಪ್ಪ ಕಂಬಳಿ ಸಮೇತ ಓಡಿ ಬಂದ.

“ಹೆಸರು ಸಾರ್.”

“ಬೇಡ! ಬೇಡ ಕಣೋ! ನಿನ್ನ ದಮ್ಮಯ್ಯ, ಹೆಸರು ಬೇಡ!”

ಪೇಂಟರು ಅವನ ಕಡೆ ನೋಡಿ ತಿಳಿದವನಂತೆ ಕಣ್ಣು ಮಿಟುಕಿಸಿದ. “ನೀವು ಹಿಂಗೇ ಸಂಕೋಚ ಪಡ್ತೀರ ಅಂತ ಬೆಳಿಗ್ಗೇನೇ ಹೇಳಿದ್ರಲ್ಲ ಸಾರ್.”

ಅಡ್ಡ ಬಂದವನನ್ನು, ಚಿತ್ರ ಮುಗಿಯಲೆಂದು ಕೂತೇ ಇದ್ದ ಅಧ್ಯಕ್ಷರ ಸನ್ನೆಯ ಮೇರೆಗೆ ಪೈಲ್ವಾನ ಮತ್ತೊಮ್ಮೆ ಹೆಗಲಿಗೆ ಹಾಕಿಕೊಂಡ. ಬೈಗುಳ ಕೇಳಿ ಇನ್ನೂ ಗಟ್ಟಿಯಾಗಿ ಹಿಡಿದ. ಕೆಂಪು ಅಕ್ಷರಗಳು ಒಂದೊಂದಾಗಿ ಮೂಡಿದವು. ಊರಲ್ಲಿ ಎಷ್ಟೋ ಜನಕ್ಕೆ ಜೋಪಾನಪ್ಪನ ನಿಜವಾದ ಹೆಸರು ಗೊತ್ತಾದದ್ದೇ ಆವತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಧಾನ ಮಾಡಿತು, ಕಿಟಕಿಗಳಿಂದ ತಲೆಗಳು ಹೊರಬಂದವು. ಓದಿ ನಕ್ಕವರಲ್ಲಿ ಮೂವರು ಅಲ್ಲೇ ಇಳಿದು, ಬೋರ್ಡಿನ ಪಕ್ಕ ಒಂದು ಕೈ ಎತ್ತಿ ಫೋಟೋ ತೆಗೆಸಿಕೊಂಡು, ಸೀದಾ ಕೆಂಪು ಬಾವುಟದ ಆಚೆಗೆ ನೀರಿಗಿಳಿದರು.

ಹೆಂಡತಿ ಕೊಡೆ ಮಡಚಿ, ಎರಡು ಹೆಜ್ಜೆ ಹಿಂದೆ ಸರಿದು ಬೋರ್ಡನ್ನು ಅಳೆದು ನೋಡಿದಳು.

“ನಮ್ಮ ಭಾವನ ಕಲ್ಲಿಗಿಂತ ದೊಡ್ಡದಾಗೇ ಇದೆ ಬಿಡಿ,” ಅಂದಳು.