ಸೂಚಿಯ ಕೆಳಗೆ ಹದಿನಾಲ್ಕು ಮನೆ

ಹೊಟ್ಟೆಕಿಚ್ಚಿನಲ್ಲಿ ಮರ್ಯಾದಸ್ಥರದು, ಮರ್ಯಾದೆಗೆಟ್ಟವರದು ಎಂದು ಎರಡು ಬಗೆ. ಜೊತೆಯವನಿಗೆ ಬಡ್ತಿ ಸಿಕ್ಕಿತು, ಷಡ್ಡಕ ಕಾರು ಕೊಂಡ, ಪಕ್ಕದ ಹೊಲದವನ ಬೋರಿಗೆ ನೀರು ಬಿತ್ತು ಎಂದು ಉರಿದುಕೊಳ್ಳುವುದು ಮರ್ಯಾದಸ್ಥರ ಬಗೆ. ಅದನ್ನು ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಕೇಳಿದವರು "ಹೌದಪಾ, ಅಂವಗ ಎಲ್ಲಾ ಕೂಡಿ ಬರ್ತದ" ಎಂದು ಒಂದಿಷ್ಟು ಎಣ್ಣೆಯನ್ನೂ ಸುರಿಯುತ್ತಾರೆ. ನನ್ನದು ಎರಡನೆಯ ಬಗೆಯದು. ನನಗೆ ಹೊಟ್ಟೆಕಿಚ್ಚು ಇರುವುದು ನನ್ನ ಹೆಂಡತಿಯ ಮೇಲೆ. ಇದನ್ನು ಯಾರಿಗೆ ಹೇಳುವುದು? ಮದುವೆಯಾದಂದಿನಿಂದ ನನ್ನ ಎಲ್ಲ ಹೊಟ್ಟೆಕಿಚ್ಚುಗಳನ್ನೂ ಊಟಕ್ಕೆ ಕುಳಿತಾಗ ಆಕೆಯ ಮುಂದೆಯೇ ತೋಡಿಕೊಂಡು ಹಗುರಾಗುತ್ತಿದ್ದೆ. ಈಗ ಊಟಕ್ಕೆ ಕುಳಿತರೆ ಉರಿಯ ಕಾರಣವೇ ಎದುರಿಗೆ ಕುಳಿತಿರುತ್ತದೆ. ಇನ್ನೊಂದು ರೊಟ್ಟಿ ಹಾಕಲೇ ಎಂದು ಬೇರೆ ಕೇಳುತ್ತದೆ.

ನಾನು ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಕಾಸಾರಶಿರಸಿಯ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಯ ಮಾಸ್ತರ. ನಮ್ಮೂರವರು ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮರಾಠಿ, ಜಗಳದಲ್ಲಿ ಎರಡನ್ನೂ ಆಡುತ್ತಾರೆ. ಸರಕಾರದ ಕಾಗದ ಮಾತ್ರ ಮರಾಠಿಯಲ್ಲೇ ಬರುತ್ತದೆ, ಅದೂ ಸಮಾಸಗಳನ್ನು ಹೊತ್ತುಕೊಂಡು. ಹೀಗಾಗಿ ಬಂದ ಕಾಗದವನ್ನು ಓದಿ ಹೇಳುವವನೂ ಹೋಗುವ ಅರ್ಜಿಯನ್ನು ಬರೆದುಕೊಡುವವನೂ ನಾನೇ ಆಗಿದ್ದೆ. ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಊರ ಹಿರಿಯರು ನಮ್ಮ ಪಡಸಾಲೆಗೆ ಬಂದು, "ಬಾಯೇರು ನಿಂದರ್ಲಿ, ಕಾರಭಾರ ಗುರುಜಿ ನೋಡ್ತಾರ" ಎಂದು ಗೊತ್ತುಮಾಡಿಬಿಟ್ಟರು. ನೌಕರಿಯವನಾದ ನಾನು ಹೇಗೂ ಚುನಾವಣೆಗೆ ನಿಲ್ಲುವಂತಿರಲಿಲ್ಲ. ನನ್ನ ಹೆಂಡತಿ ಮಹಾದೇವಿ ಚಹಾ ತಂದಿಟ್ಟಳು. ಆಕೆಯನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವಿರೋಧವಾಗಿ ಆರಿಸಿ ಬಂದಳು.

ಗ್ರಾಮಪಂಚಾಯತಿಯ ಮೊದಲ ಸಭೆಗೆ ಫೈಲು ಹಿಡಿದು ನಾನು ಮುಂದೆ, ಸೆರಗು ಹೊದ್ದು ಆಕೆ ಹಿಂದೆ ಹೋದೆವು. ಎರಡನೆಯ ಸಭೆಗೆ ಫೈಲು ಆಕೆಯ ಕೈಯಲ್ಲಿತ್ತು. ಮೂರನೆಯ ಸಭೆಯ ದಿನ ನಾನು ಅಂಗಿ ಇಸ್ತ್ರಿ ಮಾಡುತ್ತಿದ್ದಾಗ, "ನೀವ್ಯಾಕ ಬರ್ತೀರಿ? ನಿಮಗ ಸಾಲಿ ಅದ ಅಲ್ಲಾ?" ಎಂದಳು. ಶಾಲೆ ಇತ್ತು, ಸುಳ್ಳಲ್ಲ. ಆಮೇಲೆ ಉದಗೀರದಲ್ಲಿ ಸದಸ್ಯೆಯರಿಗೆ ಮೂರು ದಿನದ ತರಬೇತಿ ನಡೆಯಿತು. ಹೋದವಳು ಒಂದು ಬಟ್ಟೆಯ ಚೀಲ, ಒಂದು ನೀರಿನ ಬಾಟಲಿ, ಕೊರಳಿಗೆ ಹಾಕಿಕೊಳ್ಳುವ ಬಿಲ್ಲೆ ಹಿಡಿದು ಮರಳಿದಳು. ನಾನು ನೌಕರಿಯಲ್ಲಿ ಎಷ್ಟೋ ತರಬೇತಿಗಳನ್ನು ಕಂಡವನು; ಎಲ್ಲೂ ಚಹಾ ಮತ್ತು ಮೆತ್ತಗಾದ ಬಿಸ್ಕೀಟಿನ ಆಚೆ ನಮ್ಮ ಭಾಗ್ಯ ದಾಟಿಲ್ಲ. ಆಕೆ ಹಿತ್ತಲಿಗೆ ಹೋದಾಗ ಆಕೆಯ ನೋಟುಬುಕ್ಕು ತೆರೆದು ನೋಡಿದೆ. 'ಯೋಜನೆ ಅಂದರೆ ಬೇಕಾದ್ದರ ಯಾದಿ ಅಲ್ಲ, ಮೊದಲು ಊರನ್ನು ನೋಡುವುದು' ಎಂದು ಬರೆದುಕೊಂಡಿದ್ದಳು. ಕಾಗುಣಿತದ ತಪ್ಪು ಹುಡುಕಿದೆ. ಎರಡೇ ಸಿಕ್ಕವು.

ಇದೆಲ್ಲ ಮನೆಯೊಳಗಿನ ಮಾತಾಯಿತು. ಹೊರಗೆ ಇನ್ನೂ ಕಷ್ಟ. ಇಷ್ಟು ದಿನ ಆಕೆಯನ್ನು ಎಲ್ಲರೂ 'ಗುರುಜಿ ಮನಿಯಾಕಿ' ಎನ್ನುತ್ತಿದ್ದರು. ಒಂದು ದಿನ ತುರೋರಿಯ ರಸ್ತೆಬದಿಯ ಹೋಟೆಲಿನಲ್ಲಿ ಬಸ್ಸು ಕಾಯುತ್ತ ಕುಳಿತಿದ್ದಾಗ, ನಮ್ಮೂರಿನ ಒಬ್ಬ ತನ್ನ ಬೀಗರಿಗೆ ನನ್ನ ಪರಿಚಯ ಮಾಡಿಕೊಟ್ಟ: "ಇವ್ರು ನಮ್ಮ ಮಹಾದೇವಿಬಾಯೇರ ಮಾಲಕರು." ನಮ್ಮ ಕಡೆ ಗಂಡನಿಗೆ ಮಾಲಕ ಎನ್ನುವುದುಂಟು. ಮಾತಿನಲ್ಲಾದರೂ ಮಾಲಕತನ ಉಳಿಯಿತಲ್ಲ ಎಂದು ಚಹಾ ಕುಡಿದೆ. ಸಕ್ಕರೆ ಹಾಕಿದ್ದು ತಿಳಿಯಲಿಲ್ಲ.

ಅಷ್ಟರಲ್ಲಿ ಆರಾಖಡಾದ ಹಂಗಾಮು ಬಂತು. ಆರಾಖಡಾ ಎಂದರೆ ಊರಿನ ಅಭಿವೃದ್ಧಿಯ ನೀಲಿನಕ್ಷೆ. ನೀರು ಸಾಕಷ್ಟಿರುವ ಊರು, ಸ್ವಚ್ಛ ಹಸಿರು ಊರು, ಮಕ್ಕಳಸ್ನೇಹಿ ಊರು ಎಂದು ಒಂಬತ್ತು ವಿಷಯ ಕೊಟ್ಟು, ಮುಂದಿನ ಪೀಳಿಗೆಗೂ ಬಾಳುವಂಥ ಊರು ಮಾಡಲು ಯಾವುದನ್ನು ಮೊದಲು ಹಿಡಿಯುತ್ತೀರಿ ಎಂದು ಸರಕಾರ ಕೇಳುತ್ತದೆ. ಆರಾಖಡಾದಲ್ಲಿ ಬರೆದ ಕೆಲಸಕ್ಕೆ ಅನುದಾನ ಬರುತ್ತದೆ. ಬರೆಯದೆ ಬಿಟ್ಟದ್ದಕ್ಕೆ ಬಿರಪ್ಪ ದೇವರೇ ಶಿಫಾರಸು ಮಾಡಿದರೂ ಬರುವುದಿಲ್ಲ. ಇದಕ್ಕೆ ನೆರವಾಗಲು ಶಾಲೆಯ ಮಾಸ್ತರರನ್ನೂ ಸೇರಿಸುತ್ತಾರೆ. ಬಾ ಮಹಾದೇವಿ, ಈಗ ಬಾ ಎಂದುಕೊಂಡೆ. ಸಭೆಯಲ್ಲಿ ಕುಳಿತು ಕೈ ಎತ್ತುವುದು ಬೇರೆ, ನಕಾಶೆ ತೆಗೆಯುವುದು ಬೇರೆ.

ನಾಲ್ಕು ರವಿವಾರ ಕುಳಿತು ದೊಡ್ಡ ಚಾರ್ಟಿನ ಮೇಲೆ ಊರ ನಕಾಶೆ ತೆಗೆದೆ. ಸುತ್ತಲೂ ಬಳ್ಳಿಯ ಅಂಚು, ಮೇಲೆ ಉತ್ತರ ದಿಕ್ಕಿನ ಬಾಣ, ಬಲಗಡೆ ಕೆಳಮೂಲೆಯಲ್ಲಿ ಜೋಡುಗೆರೆಯ ಚೌಕದೊಳಗೆ ಸೂಚಿ. ಯಾವ ಬಣ್ಣ ರಸ್ತೆಗೆ, ಯಾವ ಗುರುತು ಗುಡಿಗೆ, ಎಲ್ಲ ಅದರಲ್ಲಿ. ವಿಷಯ 'ಸ್ವಚ್ಛ ಹಸಿರು ಊರು'. ಕೆಲಸಗಳು ಎರಡು: ಶಾಲೆಯ ಎದುರಿಗೆ ಸಿಮೆಂಟಿನ ಜಿಂಕೆಗಳಿರುವ ಬಗೀಚಾ, ಮತ್ತು ಊರಬಾಗಿಲಿಗೆ ಸೋಲಾರ ದೀಪದ ಸ್ವಾಗತ ಕಮಾನು. ಕಮಾನಿನ ಮೇಲಿನ ಅಕ್ಷರ ನನ್ನ ಕೈಯವೇ ಆಗಬೇಕೆಂಬುದನ್ನು ಮಾತ್ರ ಆರಾಖಡಾದಲ್ಲಿ ಬರೆಯಲಿಲ್ಲ. ಮಹಾದೇವಿ ಹಿಟ್ಟಿನ ಕೈ ಒರೆಸಿಕೊಂಡು ಬಂದು ಬಹಳ ಹೊತ್ತು ನೋಡಿದಳು. "ಭಾಳ ಚಂದ ಅದ. ಇದು ನಮ್ಮೂರೇನ್ರಿ?" ಎಂದಳು. ಆಕೆಗೂ ಹೊಟ್ಟೆಕಿಚ್ಚು ಬಂದಿದೆ ಎಂದು ತಿಳಿದು ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಊರ ಗ್ರಾಮಸಭೆಯ ಹಿಂದಿನ ದಿನ ಮಹಿಳೆಯರ ಸಭೆ ಆಗಬೇಕು, ಅದು ನಿಯಮ. ಬಿರಪ್ಪನ ಗುಡಿಯ ಅಂಗಳದಲ್ಲಿ ಸೇರಿದ್ದರು. ಗಂಡಸರಿಗೆ ಕೆಲಸವಿಲ್ಲ. ಆದರೆ ಮಹಾದೇವಿ ಚಷ್ಮಾ ಮರೆತು ಹೋಗಿದ್ದಳು. ಮರೆತದ್ದನ್ನು ತಲುಪಿಸುವುದು ಗಂಡನ ಧರ್ಮ. ಧರ್ಮವನ್ನು ಜೇಬಿನಲ್ಲಿಟ್ಟುಕೊಂಡು ಗುಡಿಯ ಗೋಡೆಯ ಹಿಂದೆ ನಿಂತು ನೋಡಿದೆ. ಹೆಂಗಸರು ನೆಲದ ಮೇಲೆ ಊರು ಬರೆಯುತ್ತಿದ್ದರು. ರಂಗೋಲಿಯ ಗೆರೆ ಓಣಿಗಳಿಗೆ, ಅರಿಶಿಣ ನಳದ ಪೈಪಿಗೆ, ಬೂದಿ ಗಟಾರದ ನೀರಿಗೆ. ಕುರುಬರ ಓಣಿಯ ಮುದುಕಿ ನಾಗವ್ವ ಉಡಿಯಲ್ಲಿ ಕುರಿಹಿಕ್ಕೆ ತಂದಿದ್ದಳು. ಕುರಿ ಮೇಯುವ ಜಾಗವನ್ನೆಲ್ಲ ಅದರಿಂದಲೇ ತುಂಬಿಸುತ್ತ ಕುಳಿತಿದ್ದಳು.

"ಮಳಿಗಾಲದಾಗ ಊರ ನೀರೆಲ್ಲ ಸಾಲಿ ಮುಂದ ಬಂದು ನಿಂದರ್ತದ," ಎಂದು ನಾಗವ್ವ ಬೂದಿ ಸುರಿದಳು. "ಅಲ್ಲೇ ಬಗೀಚಾ ಮಾಡ್ತಾರಂತ. ಕಪ್ಪಿಗೋಳು ಆಡ್ಲಿಕ್ಕ ಛೊಲೋ ಆಯ್ತು ಬಿಡು."

"ಕಮಾನ ಕಟ್ಟಿದ್ರ ಕಬ್ಬಿನ ಗಾಡಿ ಹೆಂಗ ಹೋಗ್ಬೇಕು?" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಮಹಾದೇವಿ ನಗಲಿಲ್ಲ, ನಕ್ಕಿದ್ದರೆ ಮನೆಗೆ ಬಂದ ಮೇಲೆ ಜಗಳಕ್ಕೆ ಅನುಕೂಲವಾಗುತ್ತಿತ್ತು. "ಆಯಿ, ನಿಮ್ಮ ಓಣಿ ನೀರಿಂದು ಹೇಳ್ರಿ," ಎಂದಳು. ನಳದ ಪೈಪು ಗುಡಿಯ ತನಕ ಬಂದು ನಿಂತಿತ್ತು. ಗುಡಿಯ ಹಿಂದಿನ ಓಣಿಯ ಹೆಂಗಸರು ಊರಾಚೆಯ ಹಳೆಯ ಮೆಟ್ಟಿಲುಬಾವಿಯಿಂದ ನೀರು ಹೊರುತ್ತಿದ್ದರು. ದಿನಕ್ಕೆ ಎಷ್ಟು ಖೇಪು ಹೋಗುತ್ತಾರೋ ಅಷ್ಟು ಜೋಳದ ಕಾಳನ್ನು ಪ್ರತಿಯೊಬ್ಬಳೂ ಆ ದಾರಿಯ ಮೇಲೆ ಇಟ್ಟಳು. ದಾರಿ ಬೆಳ್ಳಗಾಯಿತು. ಒಂದು ಕೋಳಿ ಬಂದು ನಾಲ್ಕು ಖೇಪು ತಿಂದು ಹೋಯಿತು. ಆ ಓಣಿಯವರ ಭಾರವನ್ನು ಅಷ್ಟಾದರೂ ಇಳಿಸಿದ್ದು ಊರಲ್ಲಿ ಅದೊಂದೇ. ನಾನು ಮಾತ್ರ, ಉತ್ತರ ದಿಕ್ಕು ತೋರಿಸಿಲ್ಲ, ಅಳತೆಯಿಲ್ಲ, ಇದೆಂಥ ನಕಾಶೆ ಎಂದು ಮೂಗು ಮುರಿದು ಮನೆಗೆ ಹೋದೆ. ಚಷ್ಮಾ ಜೇಬಿನಲ್ಲೇ ಉಳಿಯಿತು.

ಮರುದಿನ ಗ್ರಾಮಸಭೆ. ತಾಲೂಕಿನ ಪಂಚಾಯತ ಸಮಿತಿಯಿಂದ ಸಾಹೇಬರು ಬಂದಿದ್ದರು. ನನ್ನ ಚಾರ್ಟನ್ನು ಗೋಡೆಗೆ ತೂಗುಹಾಕಿದರು. ಸಾಹೇಬರು "ಛಾನ್!" ಎಂದು ಮೆಚ್ಚಿದರು. ಆ ಒಂದು ಮಾತಿಗೆ ಚೀಲ, ಬಾಟಲಿ, ಬಿಲ್ಲೆ ಎಲ್ಲ ಮಾಫಿ ಮಾಡಿಬಿಟ್ಟೆ. ಆಗ ನಾಗವ್ವ ಎದ್ದು ಬಂದು ಚಾರ್ಟಿನ ಮೇಲೆ ಬೆರಳಾಡಿಸತೊಡಗಿದಳು. ಆಕೆಗೆ ಅಕ್ಷರ ಬಾರದು, ಊರು ಬರುತ್ತದೆ.

"ಇದು ಸಾಲಿ. ಇದು ಬಿರಪ್ಪನ ಗುಡಿ. ಗುರುಜಿ, ಗುಡಿ ಹಿಂದಿನ ನಮ್ಮ ಮನಿಗೋಳು ಎಲ್ಲ್ಯವ?"

ನಾನು ನೋಡಿದೆ. ಗುಡಿಯ ಹಿಂದೆ ಸೂಚಿಯ ಚೌಕವಿತ್ತು. ಸೂಚಿ ಬಲಗಡೆ ಕೆಳಮೂಲೆಯಲ್ಲೇ ಬರಬೇಕೆಂದು ನೌಕರಿಗೆ ಸೇರಿದಂದಿನಿಂದ ಮಕ್ಕಳಿಗೆ ಕಲಿಸಿದ್ದೇನೆ, ತಪ್ಪಿದವರ ಮಾರ್ಕು ಕಡಿದಿದ್ದೇನೆ. ನಮ್ಮೂರಿನ ಬಲಗಡೆ ಕೆಳಮೂಲೆಯಲ್ಲಿ ಕುರುಬರ ಓಣಿ ಇದ್ದದ್ದು ಅವರ ದುರ್ದೈವ. ಹದಿನಾಲ್ಕು ಮನೆ. ಜಾಗ ಸಾಲದೆ ಅವುಗಳ ಮೇಲೆಯೇ ಚೌಕ ಎಳೆದಿದ್ದೆ. ಎಳೆಯುವಾಗ ಅದು ತಪ್ಪು ಎನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಏನೂ ಎನಿಸಿರಲಿಲ್ಲ.

"ಸೂಚಿ ಕೆಳಗ ಅವ, ಆಯಿ," ಎಂದೆ.

ನಾಗವ್ವ ಚಾರ್ಟಿನ ಮೂಲೆ ಹಿಡಿದು ಮೇಲೆತ್ತಿ ಕೆಳಗೆ ಇಣುಕಿದಳು. "ಇಲ್ಲಿ ಗ್ವಾಡಿ ಅದ ಗುರುಜಿ," ಎಂದಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಆ ಚಾರ್ಟು ಹಾಗೆಯೇ ಮಂಜೂರಾಗಿದ್ದರೆ, ಇಲ್ಲದ ಮನೆಗಳಿಗೆ ಯಾವ ಸರಕಾರ ಪೈಪು ಹಾಕೀತು? ಮಹಾದೇವಿ ಎದ್ದು ನಿಂತಳು. ಮುಗಿಯಿತು ನನ್ನ ಕತೆ ಎಂದುಕೊಂಡೆ. "ಸಾಹೇಬ್ರ, ಇದು ಕಚ್ಚಾ ನಕಾಶಿ," ಎಂದಳು. "ನಿನ್ನಿ ನಾವು ಹೆಣ್ಮಕ್ಕಳು ನೆಲದ ಮ್ಯಾಲ ತೆಗ್ದದ್ದು ಇನ್ನೊಂದು ಅದ. ಎರಡೂ ಕೂಡಿಸಿ ಗುರುಜಿ ಪಕ್ಕಾ ಮಾಡಿ ಕೊಡ್ತಾರ. ಅವರ ಅಕ್ಷರ ಭಾಳ ಚಂದ ಅವ." ಸಾಹೇಬರು ತಲೆಯಾಡಿಸಿದರು. ಹೊಟ್ಟೆಕಿಚ್ಚು ಪಡಬೇಕೆಂದರೆ ಎದುರಿನವರು ಸ್ವಲ್ಪವಾದರೂ ಜಂಬ ಮಾಡಬೇಕು. ಈಕೆ ಆ ಸೌಕರ್ಯವನ್ನೂ ಕೊಡಲಿಲ್ಲ. ಊರ ಮುಂದೆ ನನ್ನ ಮಾನ ಕಾಯ್ದು, ಮನೆಗೆ ಬಂದು, "ಚಷ್ಮಾ ಎಲ್ಲಿಟ್ಟೀನೋ ಏನೋ, ಸಿಗವಲ್ದು" ಎಂದು ಹುಡುಕುತ್ತ ಹೋದಳು.

ಮುಂದಿನ ರವಿವಾರ ನಾಗವ್ವನ ಓಣಿಗೆ ಹೋಗಿ ಮನೆಮನೆಯ ಮುಂದೆ ನಿಂತು ಗುರುತು ಹಾಕಿಕೊಂಡೆ. ಹೊಸ ಚಾರ್ಟಿನಲ್ಲಿ ಹದಿನಾಲ್ಕೂ ಮನೆ ಬಂದವು, ಸೂಚಿಯನ್ನು ಬೇರೆ ಹಾಳೆಯಲ್ಲಿ ಬರೆದೆ. ಕಮಾನು, ಬಗೀಚಾ, ಜಿಂಕೆಗಳು ಹೋದವು. 'ನೀರು ಸಾಕಷ್ಟಿರುವ ಊರು' ವಿಷಯವಾಯಿತು. ಗುಡಿಯ ಹಿಂದಿನ ಪೈಪು ಮೊದಲ ಕೆಲಸವಾಯಿತು. ಮರುವರ್ಷ ಆ ಓಣಿಗೆ ನಳವೂ ಬಂತು. ಉದಗೀರದ ತರಬೇತಿಯವರಿಗೆ ಇದು ಗೊತ್ತಾಗಿ, ಬೇರೆ ಊರಿನ ಸದಸ್ಯೆಯರಿಗೆ ತಿಳಿಸಿ ಹೇಳಲು ಮಹಾದೇವಿಯನ್ನು ಕರೆದರು. "ನೀವೂ ಬರ್ರಿ, ಚಾರ್ಟು ಹಿಡಿಲಿಕ್ಕ ಒಬ್ರು ಬೇಕು," ಎಂದಳು. ರಜೆ ಹಾಕಿ ಹೋದೆ.

ಚಾರ್ಟು ದೊಡ್ಡದು. ಅದನ್ನು ಎತ್ತಿ ಹಿಡಿದರೆ ಹಿಂದೆ ನನ್ನ ಪಾದಗಳು ಮಾತ್ರ ಕಾಣುತ್ತವೆ. ಸಭಾಗೃಹದ ತುಂಬ ಹೆಂಗಸರು. ಮಹಾದೇವಿ ಮರಾಠಿಯಲ್ಲಿ ಹೇಳುತ್ತಿದ್ದಳು, ನಡುನಡುವೆ ಕನ್ನಡ. ಕೋಳಿಗೆ ಒಂದು ಚಪ್ಪಾಳೆ ಬಂತು. ಕುರಿಹಿಕ್ಕೆಗೆ ಇನ್ನೊಂದು. ನನ್ನ ಕೈ ನೋಯುತ್ತಿತ್ತು, ಹೊಟ್ಟೆ ಅದಕ್ಕಿಂತ ಹೆಚ್ಚು. ಆಮೇಲೆ ಆಕೆ, "ಒಬ್ಬರು ಗುರುಜಿ ಇದ್ದರು" ಎಂದು ಹೆಸರು ಹೇಳದೆ ಸೂಚಿಯ ಪ್ರಸಂಗ ತೆಗೆದಳು. ನಾಗವ್ವ ಮೂಲೆ ಎತ್ತಿ ಇಣುಕಿದಲ್ಲಿಗೆ ಬಂದಾಗ ಇಡೀ ಸಭಾಗೃಹ ಬಿದ್ದುಬಿದ್ದು ನಕ್ಕಿತು. ಬೆಂಚು ಬಡಿದು ನಕ್ಕರು. ಅಷ್ಟು ದೊಡ್ಡ ನಗೆ ನನ್ನ ತಪ್ಪಿನಿಂದ ಹುಟ್ಟಿದ್ದು, ಯಶಸ್ಸು ಮಾತ್ರ ಆಕೆಗೆ ಹೋಗುತ್ತಿತ್ತು. ತಡೆಯಲಾಗಲಿಲ್ಲ. ಚಾರ್ಟನ್ನು ಕೆಳಗಿಳಿಸಿ, "ಮೀಚ್ ತೋ ಗುರುಜಿ! ಆ ಗುರುಜಿ ನಾನೇ ರೀ!" ಎಂದು ಎರಡೂ ಭಾಷೆಯಲ್ಲಿ ಕೂಗಿಬಿಟ್ಟೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಕೋಳಿಗೆ ಬಂದದ್ದಕ್ಕಿಂತ ಜೋರಾಗಿಯೇ ಇತ್ತು. ಮಹಾದೇವಿಯ ಮುಖದಲ್ಲಿ ಕಿಂಚಿತ್ತಾದರೂ ಹೊಟ್ಟೆಕಿಚ್ಚು ಕಾಣುತ್ತದೆಯೇ ಎಂದು ಓರೆಗಣ್ಣಿನಿಂದ ನೋಡಿದೆ. ಆಕೆ ಆಗಲೇ ಮುಂದಿನ ಸಾಲಿನ ಹೆಣ್ಣುಮಗಳೊಬ್ಬಳ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಳು. ನನ್ನತ್ತ ತಿರುಗದೆಯೇ, ಮೆಲ್ಲಗೆ ಅಂದಳು:

"ಚಾರ್ಟು ನೆಟ್ಟಗ ಹಿಡೀರಿ. ನಾಗವ್ವನ ಮನಿ ಕಾಣವಲ್ದು."